ಕರೆಂಟ್ ಪುಕ್ಕಟೆ ಇರುವ ಊರಲ್ಲಿ ಸೂರ್ಯನಿಗೇನು ಕೆಲಸ?

ಸೋಲಾರ್ ಮಾರುವವರ ಮೊದಲ ಮಾತು 'ಬಿಲ್ ಉಳಿಯುತ್ತದೆ' ಎನ್ನುವುದು. ಉಳಿಸಲು ಬಿಲ್ಲಾದರೂ ಬರಬೇಕಲ್ಲ! ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟ್ ಪುಕ್ಕಟೆ. 2023ರಲ್ಲಿ ಮನೆಗಳಿಗೂ ಪುಕ್ಕಟೆ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬೀದರ್ ಜಿಲ್ಲೆಯ ಔರಾದ, ಭಾಲ್ಕಿ ಕಡೆಯ ಬಹುತೇಕ ಹಳ್ಳಿ ಮನೆಗಳ ಜೆಸ್ಕಾಂ ಬಿಲ್ಲೂ ಸೊನ್ನೆ. ಹೀಗಿರುವಾಗ ಚಾವಣಿ ಮೇಲೆ ಪ್ಯಾನೆಲ್ ಹಾಕಿಸು ಎಂದರೆ ರೈತ ನಕ್ಕು ಸುಮ್ಮನಾಗುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ ನಿಜ. ಆದರೆ ಅದರ ಲೆಕ್ಕ ಕೂಡುವುದು ಎಸಿ, ಗೀಜರ್ ಇಟ್ಟುಕೊಂಡು ತಿಂಗಳಿಗೆ 200 ಯೂನಿಟ್‌ನ ಪುಕ್ಕಟೆ ಮಿತಿ ದಾಟುವ ಬೀದರ್ ನಗರದ ಮನೆಗಳಿಗೆ.

ಹಳ್ಳಿಯಲ್ಲಿ ಪುಕ್ಕಟೆ ಸಿಗದಿರುವುದು ಎರಡು: ಒಲೆಗೆ ಉರುವಲು, ರಾತ್ರಿಯ ನಿದ್ದೆ. ಚಿಕ್ಕ ಪ್ರಮಾಣದ ನವೀಕರಿಸಬಹುದಾದ ಇಂಧನಕ್ಕೆ ಇಲ್ಲಿ ಜಾಗ ಇರುವುದು ಇವೆರಡರಲ್ಲೇ.

ಒಲೆಯಿಂದಲೇ ನೋಡೋಣ. ಗ್ಯಾಸ್ ಸಿಲಿಂಡರ್ ಮನೆಮನೆಗೆ ಬಂದಿದ್ದರೂ ನೀರು ಕಾಯಿಸಲು, ರೊಟ್ಟಿ ಬಡಿಯಲು ತೊಗರಿ ಕಟ್ಟಿಗೆಯೂ ಕುಳ್ಳೂ ಉರಿಯುತ್ತಲೇ ಇವೆ. ಬೀದರ್ ದೇವಣಿ ದನಗಳ ಸೀಮೆ. ನಾಲ್ಕೈದು ದನ ಇರುವ ಮನೆಯಲ್ಲಿ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೀಳುತ್ತದೆ. ಅದನ್ನು ತಟ್ಟಿ ಒಣಗಿಸಿದರೆ ಉಳಿಯುವುದು ಹತ್ತು ಕಿಲೋ ಕುಳ್ಳು. ಮಣ್ಣಿನ ಒಲೆಯಲ್ಲಿ ಅದರ ಶಾಖದ ನೂರರಲ್ಲಿ ಹತ್ತು ಪಾಲು ಮಾತ್ರ ಪಾತ್ರೆಗೆ ತಾಗುತ್ತದೆ. ಮಿಕ್ಕದ್ದು ಹೊಗೆಯಾಗಿ ಅಡುಗೆ ಮಾಡುವವಳ ಕಣ್ಣಿಗೆ. ಅದೇ 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಗೋಬರ್ ಗ್ಯಾಸ್ ಗುಂಡಿಗೆ ಬಿಟ್ಟರೆ ದಿನಕ್ಕೆ ಎರಡು ಘನ ಮೀಟರ್ ಅನಿಲ ಬರುತ್ತದೆ, ಐದು ಜನರ ಅಡುಗೆಗೆ ಸಾಕು. ಗ್ಯಾಸ್ ಒಲೆ ಶಾಖದ ಅರ್ಧಕ್ಕಿಂತ ಹೆಚ್ಚನ್ನು ಪಾತ್ರೆಗೆ ಮುಟ್ಟಿಸುವುದರಿಂದ, ಪಾತ್ರೆಗೆ ದಕ್ಕುವ ಉರಿ ಕುಳ್ಳಿಗಿಂತ ಸರಿಸುಮಾರು ಒಂದೂವರೆ ಪಟ್ಟು. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಕುಳ್ಳು ಸುಟ್ಟರೆ ಸಗಣಿಯ ಸಾರಜನಕ ಗಾಳಿಗೆ ಹೋಗುತ್ತದೆ, ಗುಂಡಿಯಿಂದ ಹೊರಬರುವ ರಾಡಿಯಲ್ಲಿ ಅದು ಹಾಗೇ ಉಳಿದು ಹೊಲಕ್ಕೆ ಸೇರುತ್ತದೆ.

ಗುಂಡಿಯೊಳಗೆ ನಡೆಯುವುದು ಎರಡು ಹಂತದ ಕೆಲಸ. ಒಂದು ಬಗೆಯ ಬ್ಯಾಕ್ಟೀರಿಯಾ ಸಗಣಿಯನ್ನು ಮುರಿದು ಆಮ್ಲ ಮಾಡುತ್ತವೆ. ಗಾಳಿ ಸೋಕಿದರೆ ಸಾಯುವ ಇನ್ನೊಂದು ಬಗೆಯ ಸೂಕ್ಷ್ಮಾಣುಗಳು ಆ ಆಮ್ಲದಿಂದ ಮೀಥೇನ್ ಮಾಡುತ್ತವೆ. ಈ ಎರಡನೆಯವು ನಿಧಾನಿಗಳು. ಆದ್ದರಿಂದಲೇ ಹೊಸ ಗುಂಡಿ ತುಂಬಿಸಿದ ಮೊದಲ ದಿನಗಳಲ್ಲಿ ಬರುವ ಅನಿಲಕ್ಕೆ ಕಡ್ಡಿ ಗೀರಿದರೂ ಹೊತ್ತುವುದಿಲ್ಲ. ಅದರ ತುಂಬ ಇಂಗಾಲದ ಡೈಆಕ್ಸೈಡ್. 'ಗುಂಡಿ ಕೆಟ್ಟಿದೆ' ಎಂದು ಕೈಬಿಡುವವರು ಇನ್ನೆರಡು ವಾರ ತಾಳಬೇಕಿತ್ತು. 1984ರಲ್ಲಿ ಬಂದ ದೀನಬಂಧು ಮಾದರಿಯ ಗುಂಡಿಯಲ್ಲಿ ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮಿಲ್ಲ, ನೆಲದೊಳಗಿನ ಇಟ್ಟಿಗೆ ಗುಮ್ಮಟವೇ ಎಲ್ಲ. ಡಿಸೆಂಬರ್, ಜನವರಿಯಲ್ಲಿ ಬೀದರಿನ ಚಳಿಗೆ ಈ ಜೀವಿಗಳೂ ಮುದುಡುತ್ತವೆ, ಅನಿಲ ಕಡಿಮೆಯಾಗುತ್ತದೆ. ಆಗ ಗುಮ್ಮಟದ ಮೇಲೆ ಒಣ ಹುಲ್ಲನ್ನೋ, ಕಬ್ಬಿನ ಸೀಮೆಯಾದರೆ ರವದಿಯನ್ನೋ ದಪ್ಪಗೆ ಹೊದಿಸಬಹುದು. ಕಾರಂಜಾ ಜಲಾಶಯದ ನೀರು, ಕಬ್ಬು, ದನ ಮೂರೂ ಇರುವ ಭಾಲ್ಕಿಗೆ ಗೋಬರ್ ಗ್ಯಾಸ್ ಹೊಂದುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಹಳ್ಳಿಯಲ್ಲಿ ದಿನಕ್ಕೆ 50 ಲೀಟರ್ ಗುಂಡಿಗೆ ಸುರಿ ಎನ್ನುವುದು ಹುಚ್ಚುತನ.

ಇನ್ನು ನಿದ್ದೆಯ ಮಾತು. ಕರೆಂಟ್ ಪುಕ್ಕಟೆ, ಆದರೆ ತ್ರೀ ಫೇಸ್ ಬರುವುದು ಏಳು ತಾಸು, ಅದೂ ಪಾಳಿ ಮೇಲೆ. ಪಾಳಿ ರಾತ್ರಿಗೆ ಬಿದ್ದರೆ ಬ್ಯಾಟರಿ ಹಿಡಿದು, ಹಾವು ಹುಳದ ಭಯದಲ್ಲಿ ಹೊಲಕ್ಕೆ ನಡೆಯಬೇಕು. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಸೋಲಾರ್ ಪಂಪಿಗೆ ಬೆಲೆ ಬರುವುದು ಇಲ್ಲಿ: ಅದು ಹಗಲಿಗೇ ನೀರೆತ್ತುತ್ತದೆ. 5 ಎಚ್‌ಪಿ ಪಂಪಿಗೆ ಸುಮಾರು 4.8 ಕಿಲೋವಾಟ್ ಪ್ಯಾನೆಲ್ ಬೇಕು, ಬ್ಯಾಟರಿ ಬೇಕಿಲ್ಲ. ಮೋಡ ಅಡ್ಡ ಬಂದರೆ ಮೋಟಾರು ನಿಧಾನವಾಗುತ್ತದೆ, ಸರಿದರೆ ಮತ್ತೆ ವೇಗ ಹಿಡಿಯುತ್ತದೆ.

ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಪ್ಯಾನೆಲ್ಲಿಗೆ ಬೇಕಿರುವುದು ಬೆಳಕು, ಕಾವಲ್ಲ. 25 ಡಿಗ್ರಿ ದಾಟಿದ ಮೇಲೆ ಸಿಲಿಕಾನ್ ಕೋಶ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಶೇ. 14 ಹೋಯಿತು. ಹಾಗಾಗಿ ಅದನ್ನು ತಗಡಿಗೆ ಅಂಟಿಸದೆ ಅಡಿಯಲ್ಲಿ ಗಾಳಿ ಆಡುವಂತೆ ಕೂರಿಸಬೇಕು. ಬೀದರ್ ಇರುವುದು ಹೆಚ್ಚುಕಡಿಮೆ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ದಕ್ಷಿಣಕ್ಕೆ ಅಷ್ಟೇ ಓರೆ ಇಟ್ಟರೆ ವರ್ಷವಿಡೀ ಸರಾಸರಿ ಚೆನ್ನಾಗಿರುತ್ತದೆ. ಮೇಲೆ ಕೂತ ಕೆಂಪು ಧೂಳನ್ನು ಬೆಳಗಿನ ತಂಪಿನಲ್ಲೇ ಒರೆಸಬೇಕು, ಕಾದ ಗಾಜಿಗೆ ತಣ್ಣೀರು ಎರಚಬಾರದು.

ಗಾಳಿಯಂತ್ರದ ಆಸೆ ಕೆಲವರಿಗಿದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಸಿಗುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಾಳಿ ಮೆಲ್ಲಗೆ ಬೀಸುವ ಮನೆ ಮಾಳಿಗೆಯ ಎತ್ತರದಲ್ಲಿ ಆ ಯಂತ್ರ ಆಟಿಕೆ ಅಷ್ಟೇ.

ಸೋಲಾರ್ ಪಂಪಿಗೂ ಒಂದು ಕೆಡುಕಿದೆ. ನೂರು ಮೀಟರ್ ಆಳದ ಬೋರಿನಿಂದ ಸಾವಿರ ಲೀಟರ್ ಎತ್ತಲು ಪಂಪಿನ ನಷ್ಟ ಸೇರಿ ಸುಮಾರು ಅರ್ಧ ಯೂನಿಟ್ ಬೇಕು. ಅದನ್ನು ಕೊಡುವ ಬಿಸಿಲಿಗೆ ಬಿಲ್ಲೂ ಇಲ್ಲ, ಪಾಳಿಯೂ ಇಲ್ಲ. ಬೆಳಗಿನಿಂದ ಸಂಜೆವರೆಗೆ ಎತ್ತಿದರೆ ಬೋರು ಎಷ್ಟು ದಿನ ತಾಳೀತು? ಬೀದರ್ ನಗರದ ಅಂಚಿನ ನೌಬಾದಿನಲ್ಲಿ ಬಹಮನಿ ಕಾಲದವರು ಜಂಬಿಟ್ಟಿಗೆ ಕಲ್ಲು ಕೊರೆದು ತೆಗೆದ ಸುರಂಗ ಬಾವಿ, ಅಂದರೆ ಕರೇಜ್, ಈ ಪ್ರಶ್ನೆಗೆ ಬೇರೆಯೇ ರೀತಿ ಉತ್ತರಿಸಿತ್ತು. ಅಲ್ಲಿ ನೀರು ಇಳಿಜಾರಿನ ಬಲದಿಂದಲೇ ಹರಿಯುತ್ತದೆ. ಅಂತರ್ಜಲ ಸುರಂಗದ ಮಟ್ಟಕ್ಕಿಂತ ಕೆಳಗಿಳಿದರೆ ಹರಿವು ತಾನೇ ನಿಲ್ಲುತ್ತದೆ. ಇನ್ನಷ್ಟು ಹೀರುವ ದಾರಿಯೇ ಇಲ್ಲ. ನಮ್ಮ ಪಂಪಿಗೆ ಅಂಥ ಕಡಿವಾಣ ಹುಟ್ಟಿನಿಂದ ಬಂದಿಲ್ಲ, ಹೊರಗಿನಿಂದ ಹಾಕಬೇಕು.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಅಂಥ ಕಡಿವಾಣ ಹಾಕಿ ನೋಡಿದರು. ಸೋಲಾರ್ ಪಂಪಿನ ರೈತರು ಸಹಕಾರ ಸಂಘ ಕಟ್ಟಿಕೊಂಡು, ನೀರೆತ್ತಿ ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಬಿಸಿಲಿಗೂ ಒಂದು ದರ ಸಿಕ್ಕಿದ್ದರಿಂದ ಸುಮ್ಮನೆ ನೀರೆತ್ತುವುದು ಕೈಯಾರೆ ಕಾಸು ಕಳೆದುಕೊಂಡಂತಾಯಿತು. ಔರಾದದಂಥ ಮಳೆಯಾಶ್ರಿತ ತಾಲ್ಲೂಕಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಸೋಯಾ, ಹೆಸರು, ಉದ್ದು ಬೆಳೆಯುವ ಮಳೆಗಾಲದಲ್ಲಿ ಪಂಪಿಗೆ ಹೆಚ್ಚಿನ ಕೆಲಸವಿಲ್ಲ, ತೊಗರಿ ಕೊಯ್ದ ಮೇಲೆ ಹೊಲವೇ ಖಾಲಿ. ಲೈನಿಗೆ ಮಾರುವ ಅನುಕೂಲ ಬರುವವರೆಗೆ ಹಲವು ಯಂತ್ರಗಳಿಗೆ ಹೊಂದುವ ಕಂಟ್ರೋಲರ್ ಹಾಕಿಸಿಕೊಂಡರೆ, ಅದೇ ಪ್ಯಾನೆಲ್ಲಿನಿಂದ ಹಿಟ್ಟಿನ ಗಿರಣಿ ನಡೆಸಬಹುದು, ಮೇವು ಕತ್ತರಿಸಬಹುದು. ಖರೀದಿಗೆ ಮುನ್ನ ಆ ಕಂಟ್ರೋಲರ್ ಕೊಡುತ್ತಾರೋ ಇಲ್ಲವೋ ಎಂದು ಕೇಳುವವರು ಮಾತ್ರ ಕಡಿಮೆ.