ಅಕ್ಷರ ಬಂತು, ಓದು ಬಂತೇ?

ಬೀದರ, ಔರಾದ, ಭಾಲ್ಕಿ. ಕನ್ನಡ ಓದಲು ಕಲಿಯುವ ಮಗು ಏನೇನು ದಾಟಬೇಕು ಎಂಬುದನ್ನು ಬಸ್ಸಿನ ಬೋರ್ಡಿನ ಈ ಮೂರು ಹೆಸರುಗಳೇ ತೋರಿಸುತ್ತವೆ. ‘ಬೀದರ’ಕ್ಕೆ ಒಂದು ದೀರ್ಘ ಗೊತ್ತಿದ್ದರೆ ಸಾಕು. ‘ಔರಾದ’ಕ್ಕೆ ಅಪರೂಪದ ಸ್ವರವೊಂದು ಬೇಕು. ಮಗು ತಡವರಿಸುವುದು ‘ಭಾಲ್ಕಿ’ಯಲ್ಲಿ. ಬರೆಯುವಾಗ ಗುಡಿಸು ಲಕಾರದ ಮೇಲೆ, ಕಕಾರದ ಒತ್ತು ಅದರ ಕೆಳಗೆ. ಉಚ್ಚರಿಸುವಾಗ ‘ಇ’ ಸೇರುವುದು ಮಾತ್ರ ಕಕಾರಕ್ಕೆ. ‘ಭಾಲಿಕ’ ಎಂದು ಓದುವ ಮಗು ದಡ್ಡನಲ್ಲ, ಕಂಡದ್ದನ್ನು ಕಂಡ ಹಾಗೆ ಓದುತ್ತಿದೆ.

ಕನ್ನಡದ ಮೂಲಾಕ್ಷರ 49. ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣಿಗೆ ಪರಿಚಯವಾಗಬೇಕಾದ ರೂಪಗಳು ನೂರಾರು. ಸಂಶೋಧಕಿ ಸೋನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಒಂದನೇ ತರಗತಿಯಲ್ಲೇ ಎಲ್ಲ ಮುಗಿಯಬೇಕೆಂಬ ಅವಸರಕ್ಕೆ ಆಧಾರವಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ–ಕಲಿ’ ಪದ್ಧತಿ ಅ, ಆ, ಇ, ಈ ಕ್ರಮವನ್ನು ಬದಿಗಿಟ್ಟಿತು. ಬರೆಯಲು ಸುಲಭವಾದ ರ, ಗ, ಸ, ದ, ಅ ಮೊದಲು ಬಂದವು. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಸಿದ್ಧ. ಕಾಗುಣಿತ ಮುಟ್ಟುವ ಮೊದಲೇ ಮಗು ಅರ್ಥವಿರುವ ಪದ ಓದುತ್ತದೆ.

ಅರ್ಥವೇ ಇಲ್ಲಿ ಮುಖ್ಯ. ಸಂಶೋಧಕರಾದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆಯ ತಿಳಿವಳಿಕೆಯಿಂದ ಗುಣಿಸಿದರೆ ಓದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ.

ಮಹಾರಾಷ್ಟ್ರ, ತೆಲಂಗಾಣ ಎರಡರ ಗಡಿಗೂ ತಾಗಿರುವ ಔರಾದ ತಾಲ್ಲೂಕಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಪುಸ್ತಕದಲ್ಲಿ ‘ನೀರು’ ಎಂದಿದೆ. ಮರಾಠಿ ಮನೆಯ ಮಗುವಿಗೆ, ಲಂಬಾಣಿ ತಾಂಡಾದ ಮಗುವಿಗೆ ಅದು ‘ಪಾಣಿ’. ಉರ್ದು ಮನೆಯಲ್ಲಿ ‘ಪಾನಿ’. ನೀ–ರು ಎಂದು ಸ್ಪಷ್ಟವಾಗಿ ಓದಿಯೂ ಅರ್ಥ ಹೊಳೆಯದಿರಬಹುದು. ಕನ್ನಡದ ಮನೆಯಲ್ಲೂ ‘ಬರ್ಲಾಕತ್ತಾನ’ ಎನ್ನುವ ಮಗುವಿಗೆ ‘ಬರುತ್ತಿದ್ದಾನೆ’ ಹೊಸದೇ. ಆದ್ದರಿಂದ ಪಾಠಕ್ಕೆ ಮೊದಲು ಮಾತು ಬೇಕು. ಚಿತ್ರ ತೋರಿಸಿ, ಮನೆಮಾತಿನಲ್ಲಿ ಹೇಳಿಸಿ, ಕನ್ನಡದ ಪದ ಜೋಡಿಸಿ, ಆಮೇಲೆ ಅಕ್ಷರಕ್ಕೆ ಬರಬೇಕು. ಮನೆಮಾತನ್ನು ಗದರಿಸಿ ಬಾಯಿ ಮುಚ್ಚಿಸಿದರೆ ಕಲಿಕೆಯ ದಾರಿಯೇ ಮುಚ್ಚುತ್ತದೆ.

ಬೀದರ ಜಿಲ್ಲೆಯ ಈ ನೆಲದಲ್ಲಿ ಕನ್ನಡದ ಓದು ಸುಲಭಕ್ಕೆ ದಕ್ಕಿದ್ದಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು. ಇಂದು ಬೋರ್ಡಿನ ಅಡ್ಡಿಯಿಲ್ಲ. 2021ರಲ್ಲಿ ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆ, 2026–27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟುಕೊಂಡಿದೆ.

ಗುರಿ ಮುಟ್ಟಲು ಮನೆಯವರ ನೆರವೂ ಬೇಕು. ಮಗು ಓದಿದಾಗ ತಪ್ಪು ಎಣಿಸುತ್ತ ಕೂರದೆ, ಕಥೆಯಲ್ಲಿ ಏನಾಯಿತೆಂದು ಕೇಳಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದವರು, ಶಾಲೆಯ ಕಥೆಪುಸ್ತಕಗಳು ಕಪಾಟಿನಲ್ಲಿವೆಯೋ ಮಕ್ಕಳ ಕೈಯಲ್ಲಿವೆಯೋ ಎಂದು ವಿಚಾರಿಸಿ ಬನ್ನಿ.