ಪರರ ಜಾಗದಲ್ಲಿ ಕಲೆಯ ಅಂಗಡಿ

ಜಾಹೀರಾತು ವ್ಯಾಪಾರಿಗಳಾದ ನಮಗೆ ಹೊಸದಲ್ಲ. ಈಗ ಕಲಾವಿದನೂ ತನ್ನ ಮಾಲನ್ನು ತಾನೇ ಕೂಗಿ ಮಾರಬೇಕಾಗಿದೆ. ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಬರೆಯುತ್ತಲೇ ಹೋದರು. 1974ರಲ್ಲಿ, ಅರವತ್ತು ದಾಟಿದ ಮೇಲೆ, ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬಂತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಇಂದು ಅಕ್ಕಲಕೋಟೆಯ ಹುಡುಗಿ ಬೆಳಿಗ್ಗೆ ಹಾಕಿದ ರಂಗೋಲಿಯನ್ನು ಸಂಜೆಯೊಳಗೆ ಮುಂಬಯಿಯವರು ಮೊಬೈಲಿನಲ್ಲಿ ನೋಡಬಹುದು. ಯಾರ ಶಿಫಾರಸೂ ಬೇಕಿಲ್ಲ. ಇದು ಒಳ್ಳೆಯದೇ.

ಆದರೆ ಜಾಗ ಯಾರದು? 2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಜನ ಗಳಿಸಿದ್ದವರ ಗಿರಾಕಿಯೆಲ್ಲ ಚದುರಿತು. ಬಾಡಿಗೆ ಮಳಿಗೆ ಬಿಟ್ಟರೂ ನಮ್ಮ ಕಿರ್ದಿ-ಖಾತೆ ನಮ್ಮ ಕೈಯಲ್ಲಿರುತ್ತದೆ. ಅವರಿಗೆ ಅದೂ ಉಳಿಯಲಿಲ್ಲ. ಮಕ್ಕಳು ಇನ್‌ಸ್ಟಾಗ್ರಾಂನಲ್ಲಿ ಹಾಕಲಿ, ಬೇಡವೆನ್ನೆವು. ಕೆಲಸ ಕೊಟ್ಟವರ ಹೆಸರು, ಫೋನ್ ನಂಬರನ್ನು ಮಾತ್ರ ಮನೆಯ ವಹಿಯಲ್ಲೊಮ್ಮೆ ಬರೆದಿಡಲಿ.