ಗುಡ್ಡದ ಬುಡ, ನೀರಿನ ದಾರಿ

ಮಳೆಗಾಲ ಹತ್ತಿರ ಬಂದಿರುವುದರಿಂದ ಈ ಬಾರಿಯ ಜುಮಾ ಖುತ್ಬಾದಲ್ಲಿ ಶಿರೂರಿನ ಮಾತು ತೆಗೆದೆವು. ಕಾರವಾರದಿಂದ ಅಂಕೋಲಾ ದಾಟಿ ಕುಮಟಾ ಕಡೆ ಹೋಗುವಾಗ ಆ ಜಾಗ ಬಂದರೆ ನಾವೆಲ್ಲ ಇಂದಿಗೂ ಒಮ್ಮೆ ತಲೆಯೆತ್ತಿ ಗುಡ್ಡದ ಕಡೆ ನೋಡುತ್ತೇವೆ.

2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ದಾರಿಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಮಣ್ಣು ಗಂಗಾವಳಿ ನದಿಗೆ ತಳ್ಳಿತು. ನದಿಯ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. 11 ಜೀವಗಳು ಹೋದವು. ಕೇರಳದ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜ್ಜರ್ ತಂದು ಹೂಳೆತ್ತಿದ ಮೇಲೆ.

ಎಲ್ಲವೂ ಅಲ್ಲಾಹನ ವಿಧಿ ಎಂದು ಮಾತು ಮುಗಿಸುವವರಿದ್ದಾರೆ. ವಿಧಿಯಲ್ಲಿ ನಮಗೂ ವಿಶ್ವಾಸವಿದೆ. ಆದರೆ ರಸ್ತೆ ಅಗಲ ಮಾಡಲು ಗುಡ್ಡ ಕಡಿದದ್ದು ಮನುಷ್ಯನ ಕೈ. ಆ ಲೆಕ್ಕವನ್ನು ವಿಧಿಯ ಹೆಸರಿಗೆ ಬರೆಯಲಾಗದು.

ಗುಡ್ಡ ಯಾಕೆ ಜಾರುತ್ತದೆ? ನಮ್ಮ ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಕೆಂಪು ಮಣ್ಣು, ಚಿರೇಕಲ್ಲು. ಅದರ ಕೆಳಗೆ ಶೇಡಿ ಮಣ್ಣು. ಬಾವಿ ತೋಡಿದವರಿಗೆ ಇದು ಗೊತ್ತು. ಶೇಡಿ ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಇಳಿಜಾರಿನ ಬುಡವೇ ಮೇಲಿನ ಭಾರಕ್ಕೆ ಆಸರೆ. ಆ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಆಸರೆ ಹೋಯಿತು. ಮೇಲಿನ ಮರ ಕಡಿದರೆ ಮಣ್ಣನ್ನು ಹಿಡಿದಿಟ್ಟ ಬೇರೂ ಹೋಯಿತು. ಇನ್ನು ದಿನಗಟ್ಟಲೆ ಸುರಿಯುವ ಆಷಾಢದ ಮಳೆ ಒಳಗಿಳಿದು ಮಣ್ಣನ್ನು ಭಾರ ಮಾಡುತ್ತದೆ. ಹೊರಗೆ ಹರಿಯಲು ದಾರಿಯಿಲ್ಲದ ನೀರು ಒಳಗಿನಿಂದಲೇ ಗುಡ್ಡವನ್ನು ನೂಕುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲೊಂದು ಕೆಳಗೊಂದು ಚರಂಡಿ ಮಾಡಿ, ಹುಲ್ಲು ಗಿಡ ಬೆಳೆಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಅದಕ್ಕೆ ಹಣ ಬೇಕು, ಜಾಗ ಬೇಕು, ತಾಳ್ಮೆಯೂ ಬೇಕು.

ಗುಡ್ಡ ಜಾರುವುದು ನಮಗೆ ಹೊಸದೂ ಅಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರದ ಪಕ್ಕದ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಮಣ್ಣಿನಡಿ ಹೋಗಿದ್ದರು.

ಹೆದ್ದಾರಿ ಮಾಡಿದವರನ್ನು ಬೈಯುವುದು ಸುಲಭ, ಬೈಯಲೂ ಬೇಕು. ಆದರೆ ಮಿಂಬರಿನ ಮೇಲೆ ನಿಂತು ಅಷ್ಟೇ ಹೇಳಿ ಇಳಿಯಲು ನಮಗೆ ಮನಸ್ಸಾಗಲಿಲ್ಲ. ನಮ್ಮ ಮಸೀದಿಯ ಹಿಂದೆ ಒಂದು ತಗ್ಗು ಜಾಗವಿತ್ತು. ಈದ್ ನಮಾಝಿಗೆ ಸ್ಥಳ ಸಾಲದೆಂದು ಟಿಪ್ಪರುಗಟ್ಟಲೆ ಮಣ್ಣು ತುಂಬಿಸಿದೆವು. ಆ ಮಣ್ಣು ಯಾವ ಗುಡ್ಡದ ಬುಡದ್ದೆಂದು ಜಮಾಅತಿನಲ್ಲಿ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲ ದೊಡ್ಡ ಮಳೆಗೆ ನೀರು ಪಕ್ಕದ ಗೌಡರ ಮನೆಗೆ ನುಗ್ಗಿತು. ಅವರ ಮನೆಯ ಅಜ್ಜಿ ಜಗಳಕ್ಕೆ ಬರಲಿಲ್ಲ. "ಮೌಲಾನಾ, ಮೊದಲು ನೀರು ನಿಮ್ಮ ಹಿತ್ತಲಲ್ಲಿ ನಿಲ್ತಿತ್ತು, ಈಗ ನಮ್ಮ ಒಲೆ ಹತ್ರ ನಿಲ್ತದೆ" ಎಂದರು, ಅಷ್ಟೇ.

ಗದ್ದೆ, ಗಜನಿ, ತಗ್ಗುಗಳೆಲ್ಲ ಮಳೆನೀರು ಸ್ವಲ್ಪ ಹೊತ್ತು ಕೂತು ಹೋಗುವ ಜಾಗಗಳು. ಅವನ್ನು ಮುಚ್ಚಿದರೆ ನೀರು ಬೇರೆಯವರ ಮನೆ ಹುಡುಕುತ್ತದೆ. ಗಟಾರದ ಕತೆಯೂ ಇದೇ. ವಲೀಮಾದ ಪ್ಲಾಸ್ಟಿಕ್ ತಟ್ಟೆ, ಮಕ್ಕಳ ಡೈಪರ್, ಚೀಲದಲ್ಲಿ ಕಟ್ಟಿದ ಕೋಳಿಯ ಕರುಳು ಎಲ್ಲ ಮೋರಿಯ ಬಾಯಲ್ಲಿ ಕೂರುತ್ತವೆ. ಉಳಿದದ್ದು ಹಳ್ಳ ಹಿಡಿದು ಸಮುದ್ರ ಸೇರುತ್ತದೆ, ಮರುದಿನ ನಮ್ಮ ಮೀನುಗಾರ ಸಹೋದರರ ಬಲೆಗೇ ಬರುತ್ತದೆ.

ಸಹೀಹುಲ್ ಬುಖಾರಿಯಲ್ಲಿ ಪ್ರವಾದಿವರ್ಯರು(ಸ) ಹೇಳಿದ ಹಡಗಿನ ಉಪಮೆಯಿದೆ. ಕೆಳ ಅಂತಸ್ತಿನವರು ನೀರಿಗಾಗಿ ಪದೇ ಪದೇ ಮೇಲೆ ಹೋಗುವ ಬದಲು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಯೋಚಿಸುತ್ತಾರೆ. ಮೇಲಿನವರು ತಡೆಯದಿದ್ದರೆ ಇಬ್ಬರೂ ಮುಳುಗುತ್ತಾರೆ. ಕೊರೆಯುವವರಿಗೆ ಕೆಟ್ಟ ಉದ್ದೇಶವಿರಲಿಲ್ಲ ಎಂಬುದನ್ನು ಗಮನಿಸಿ. ದೋಣಿಯ ಮೇಲೆ ಬದುಕುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಡ್ಡದ ಬದಿಯಲ್ಲಿ ಮನೆಯಿರುವವರು ಈಗಲೇ ಒಮ್ಮೆ ಹತ್ತಿ ನೋಡಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರು ಕಂಡರೆ ಪಂಚಾಯತಿಗೆ ತಿಳಿಸಿ. ಮಳೆ ಜೋರಾದ ರಾತ್ರಿ ಅಲ್ಲಿ ಮಲಗಬೇಡಿ. ಮಸೀದಿಯ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ.

ಕಳೆದ ಭಾನುವಾರ ಜಮಾಅತಿನ ಯುವಕರು ಮಸೀದಿಯ ಹಿಂದಿನ ಮಣ್ಣನ್ನು ಒಂದು ಬದಿಯಲ್ಲಿ ಕಡಿದು ಹಳ್ಳದವರೆಗೆ ಕಾಲುವೆ ತೆಗೆದರು. ನಮಾಝಿನ ಎರಡು ಸಾಲು ಕಡಿಮೆಯಾಯಿತು. ಅಜ್ಜಿ ಬಂದು ನೋಡಿ, ಇನ್ನೂ ಒಂದು ಮೊಳ ಆಳ ಬೇಕು ಎಂದಿದ್ದಾರೆ. ಬರುವ ಭಾನುವಾರ ಫಜ್ರ್ ನಂತರ ಹಾರೆ, ಗುದ್ದಲಿ ಇರುವವರು ತನ್ನಿ.